ಕೆರಿಬಿಯನ್ ಕಡಲತೀರದಲ್ಲಿ ಪುಟ್ಟ ಸೇಬಿನಂತಹ ಹಣ್ಣು ಕಂಡರೆ ಮುಟ್ಟಬೇಡಿ

ಮರಳಿನ ಮೇಲೆ ಬಿದ್ದಿದ್ದ ಒಂದು ಹಣ್ಣಿನ ಅಂಚನ್ನು ಕಚ್ಚಿದ್ದಕ್ಕೆ ನಾನು ಅರ್ಧ ದಿನ ಎಂಜಲು ನುಂಗಲಾಗದೆ ಒದ್ದಾಡಿದೆ. ಅದೇ ಮರದ ಕೆಳಗೆ ಮಳೆಗೆಂದು ನಿಂತಿದ್ದ ನನ್ನ ಪತಿಯ ಕುತ್ತಿಗೆ ಮತ್ತು ಭುಜದ ಮೇಲೆ ಬೆಂಕಿ ತಗುಲಿದಂತೆ ಗುಳ್ಳೆಗಳೆದ್ದವು. ಆ ಹಣ್ಣು ಮೊದಲು ಸಿಕ್ಕಿದ್ದು ನಮ್ಮ ಆರು ವರ್ಷದ ಮಗಳ ಕೈಗೆ. ಅವಳು ಅದನ್ನು ಬಾಯಿಗಿಟ್ಟುಕೊಳ್ಳಲಿಲ್ಲ ಎನ್ನುವುದೊಂದೇ ಸಮಾಧಾನ. ಮಕ್ಕಳನ್ನು ಕರೆದುಕೊಂಡು ಆ ಕಡೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಿ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ ರಜೆಯಿರುವುದರಿಂದ ಮೂರು ದಿನ ಒಟ್ಟಿಗೆ ಸಿಗುತ್ತವೆ. ಅಷ್ಟರಲ್ಲಿ ಹೋಗಿಬರಬಹುದೆಂದು ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಒಂದಾದ ಸೇಂಟ್ ಜಾನ್ ಅನ್ನು ಆರಿಸಿಕೊಂಡೆವು. 1917ರಲ್ಲಿ ಅಮೆರಿಕ ಡೆನ್ಮಾರ್ಕ್‌ನಿಂದ ಕೊಂಡುಕೊಂಡ ದ್ವೀಪಗಳಿವು. ಇನ್ನೊಂದು ದೇಶದ ವೀಸಾದ ಗೊಡವೆಯಿಲ್ಲವೆಂದೇ ನಮ್ಮವರು ಅನೇಕರು ಅಲ್ಲಿಗೆ ಹೋಗುತ್ತಾರೆ. ಸೇಂಟ್ ಥಾಮಸ್‌ನಲ್ಲಿ ವಿಮಾನ ಇಳಿದು, ರೆಡ್ ಹುಕ್ ಎಂಬಲ್ಲಿಂದ ಫೆರ್ರಿ ಹತ್ತಿದರೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಕ್ರೂಜ್ ಬೇ ತಲುಪಬಹುದು. ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗ ರಾಷ್ಟ್ರೀಯ ಉದ್ಯಾನವಾಗಿದ್ದು, ಕಡಲತೀರದವರೆಗೂ ಕಾಡು ಇಳಿದು ಬಂದಿದೆ. ಶನಿವಾರವನ್ನೆಲ್ಲ ಟ್ರಂಕ್ ಬೇಯಲ್ಲಿ ಕಳೆದೆವು. ಅಲ್ಲಿ ನೀರಿನಡಿಯಲ್ಲೇ ಫಲಕಗಳನ್ನು ನೆಟ್ಟು ಈಜುವವರಿಗಾಗಿ ಹಾದಿ ಮಾಡಿದ್ದಾರೆ. ಹವಳದ ನಡುವಿನ ಮೀನುಗಳನ್ನು ನೋಡಿದ ಮಗಳು ರಾತ್ರಿ ನಿದ್ದೆ ಬರುವವರೆಗೂ ಅದನ್ನೇ ಹೇಳುತ್ತಿದ್ದಳು.

ಭಾನುವಾರ ಮಧ್ಯಾಹ್ನ, ಜನಸಂದಣಿ ಬೇಡವೆಂದು, ಉತ್ತರ ದಂಡೆಯ ಇನ್ನೊಂದು ಚಿಕ್ಕ ತೀರಕ್ಕೆ ಹೋದೆವು. ಮೂರು ಗಂಟೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಮಳೆ ಬಂದಾಗ, ನೀರಂಚಿನಿಂದ ಹತ್ತು ಹೆಜ್ಜೆ ದೂರದಲ್ಲಿದ್ದ ದಟ್ಟ ನೆರಳಿನ ಮರದ ಕೆಳಗೆ ಓಡಿದೆವು. ಮಗಳ ತಲೆಯ ಮೇಲೆ ದೊಡ್ಡ ಟವೆಲ್ ಹೊದಿಸಿದ್ದೆ. ಪತಿ ಅಂಗಿಯಿಲ್ಲದೆ ನಿಂತಿದ್ದರು. ಎಲೆಗಳಿಂದ ಸೋರಿದ ನೀರು ಅವರ ಬೆನ್ನ ಮೇಲೆ ಇಳಿಯುತ್ತಿತ್ತು. ಅಷ್ಟರಲ್ಲಿ ಮಗಳು, "ಅಮ್ಮ, ಪುಟ್ಟ ಸೇಬು ನೋಡು" ಎಂದು ಕೈ ಚಾಚಿದಳು. ಹಳದಿ ಬೆರೆತ ಹಸಿರು ಬಣ್ಣದ, ದೊಡ್ಡ ನೆಲ್ಲಿಕಾಯಿಗಿಂತ ತುಸು ದಪ್ಪವಿದ್ದ, ನುಣುಪಾದ ಹಣ್ಣು. ಮೂಗಿಗೆ ಹಿಡಿದರೆ ಸಿಹಿಯಾದ ಪರಿಮಳ. ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಸಾಗರದ ಕಡೆಯ ಹಳ್ಳಿಯಲ್ಲಿ. ನೇರಳೆ, ಕವಳಿ, ಮುರುಗಲು ಎಂದು ಕಾಡಿನ ಹಣ್ಣುಗಳನ್ನು ತಿಂದೇ ಬೆಳೆದವಳು. ಮಗುವಿಗೆ ಕೊಡುವ ಮೊದಲು ನಾನು ರುಚಿ ನೋಡಬೇಕೆಂಬ ಅದೇ ಹಳೆಯ ರೂಢಿಯಿಂದ ಅಂಚನ್ನು ಕಚ್ಚಿದೆ.

ಹಣ್ಣು ನಿಜಕ್ಕೂ ಸಿಹಿಯಾಗಿತ್ತು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಆ ಸಿಹಿಯೇ, ಏಕೆಂದರೆ ಮಗುವೊಂದು ಅದನ್ನು ಉಗುಳುವುದಿಲ್ಲ, ಇನ್ನೊಂದು ತುತ್ತು ತಿನ್ನುತ್ತದೆ. ಒಂದೆರಡು ನಿಮಿಷದ ನಂತರ ಕಾಳುಮೆಣಸು ಜಗಿದಂತೆ ನಾಲಿಗೆ ಚುರುಗುಟ್ಟಿತು. ಆಮೇಲೆ ಅದು ಖಾರವಲ್ಲ, ಉರಿಯೆಂದು ತಿಳಿಯಿತು. ಉಗುಳಿ ಬಾಯಿ ಮುಕ್ಕಳಿಸಿದರೂ ಉರಿ ಗಂಟಲಿಗಿಳಿಯುತ್ತಲೇ ಹೋಯಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗಂಟಲಲ್ಲಿ ಗಡ್ಡೆಯೊಂದು ಸಿಕ್ಕಿಕೊಂಡಂತಾಗಿ, ಜೊಲ್ಲು ನುಂಗುವುದೂ ಕಷ್ಟವಾಯಿತು. ಮಗಳ ಕೈಗಳನ್ನು ಸೋಪಿನಿಂದ ಮತ್ತೆ ಮತ್ತೆ ತೊಳೆದು, ಕಣ್ಣು ಮುಟ್ಟಿಕೊಳ್ಳದಂತೆ ಹಿಡಿದುಕೊಂಡೇ ದ್ವೀಪದ ಚಿಕಿತ್ಸಾಲಯಕ್ಕೆ ಹೋದೆವು. ನಾನು ಕಾಗದದ ಮೇಲೆ "ಹಸಿರು ಹಣ್ಣು, ಕಡಲತೀರ" ಎಂದು ಬರೆದು ತೋರಿಸಿದ ಕೂಡಲೇ ಅಲ್ಲಿನ ದಾದಿ ಮರದ ಹೆಸರು ಹೇಳಿದರು: ಮ್ಯಾಂಚಿನೀಲ್.

ಉಸಿರಾಟ ಕಟ್ಟುತ್ತಿಲ್ಲವೆಂದು ಖಚಿತವಾಗುವವರೆಗೆ ನನ್ನನ್ನು ಅಲ್ಲೇ ಇರಿಸಿಕೊಂಡು ಔಷಧ ಕೊಟ್ಟರು. ತಣ್ಣನೆಯ ಹಾಲಿನಿಂದ ಸ್ವಲ್ಪ ಹಿತವೆನಿಸಿತು. ಮಧ್ಯರಾತ್ರಿಯ ಹೊತ್ತಿಗೆ ಉರಿ ಇಳಿಯಿತಾದರೂ ಕುತ್ತಿಗೆಯ ಗ್ರಂಥಿಗಳು ಎರಡು ದಿನ ಮುಟ್ಟಿದರೆ ನೋಯುತ್ತಿದ್ದವು. ಪತಿಯ ಬೆನ್ನಿನ ಮೇಲೆ ಸಂಜೆಯ ತನಕ ಏನೂ ಕಾಣಿಸಲಿಲ್ಲ. ಬಿಸಿಲಿಗೆ ಕೆಂಪಾಗಿರಬೇಕೆಂದುಕೊಂಡು ಮಲಗಿದವರು ಬೆಳಿಗ್ಗೆ ಎದ್ದಾಗ, ನೀರು ಹರಿದಿದ್ದ ದಾರಿಯಲ್ಲೇ ಗುಳ್ಳೆಗಳು ಸಾಲಾಗಿ ಮೂಡಿದ್ದವು.

ಮರಳಿ ಬಂದ ಮೇಲೆ ಓದಿ ತಿಳಿದದ್ದನ್ನು ಹೇಳುತ್ತೇನೆ. ಮ್ಯಾಂಚಿನೀಲ್ ನಮ್ಮ ಕಳ್ಳಿ, ಹರಳುಗಳ ಕುಟುಂಬಕ್ಕೇ ಸೇರಿದ ಮರ. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಏನಾಗುತ್ತದೆಂದು ಊರಿನವರಿಗೆಲ್ಲ ಗೊತ್ತು. ಈ ಮರದ ಸೊನೆ ಅದಕ್ಕಿಂತಲೂ ತೀಕ್ಷ್ಣವಾದದ್ದು, ಎಲೆ, ತೊಗಟೆ, ಹಣ್ಣು ಎಲ್ಲದರಲ್ಲೂ ಇರುವಂಥದ್ದು. ಮಳೆನೀರಿನಲ್ಲಿ ಕರಗಿ ತೊಟ್ಟಿಕ್ಕಿದರೂ ಚರ್ಮ ಸುಡುತ್ತದೆ, ಕಟ್ಟಿಗೆ ಉರಿಸಿದರೆ ಹೊಗೆಯೇ ಕಣ್ಣಿಗೆ ಕುತ್ತು. ಸ್ಪ್ಯಾನಿಷರು ಇದರ ಹಣ್ಣನ್ನು 'ಸಾವಿನ ಪುಟ್ಟ ಸೇಬು' ಎಂದು ಕರೆದರು. ದ್ವೀಪಗಳ ಮೂಲನಿವಾಸಿಗಳು ಸೊನೆಯನ್ನು ಬಾಣದ ತುದಿಗೆ ಸವರುತ್ತಿದ್ದರು. 1999ರಲ್ಲಿ ಟೊಬೇಗೊ ದ್ವೀಪಕ್ಕೆ ರಜೆಗೆ ಹೋಗಿದ್ದ ಬ್ರಿಟನ್ನಿನ ವೈದ್ಯೆಯೊಬ್ಬರು ನನ್ನಂತೆಯೇ ಈ ಹಣ್ಣನ್ನು ಕಚ್ಚಿ, ತಮಗಾದದ್ದನ್ನು ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿವರವಾಗಿ ಬರೆದಿದ್ದಾರೆ. ಓದುತ್ತಾ ಹೋದಂತೆ, ಸಿಹಿಯಿಂದ ಹಿಡಿದು ಹಾಲಿನವರೆಗೆ ನನ್ನದೇ ಅನುಭವವನ್ನು ಬೇರೆಯವರು ಬರೆದಂತಿತ್ತು.

ಇಂಥ ಮರವನ್ನು ಏಕೆ ಕಡಿದುಹಾಕುವುದಿಲ್ಲವೆಂದು ನಾನೂ ಸಿಟ್ಟಿನಿಂದ ಕೇಳಿದ್ದೆ. ಅದರ ಬೇರು ತೀರದ ಮರಳನ್ನು ಹಿಡಿದಿಡುತ್ತದೆ, ಬಿರುಗಾಳಿಗೆ ತಡೆಯಾಗುತ್ತದೆ. ಈ ಉತ್ತರ ನನಗೆ ಸರಿಯೆನಿಸಿತು. ಬಾರ್ಬಡೋಸ್ ಮುಂತಾದ ಕಡೆ ಕಾಂಡಕ್ಕೆ ಕೆಂಪು ಪಟ್ಟೆ ಬಳಿಯುತ್ತಾರೆ, ಕೆಲವೆಡೆ ಫಲಕ ಹಾಕುತ್ತಾರೆ. ಆದರೆ ಎಲ್ಲ ಮರಗಳಿಗೂ ಗುರುತಿರುವುದಿಲ್ಲ, ನಾವು ನಿಂತ ಮರಕ್ಕೂ ಇರಲಿಲ್ಲ. ಆದ್ದರಿಂದ ಎಲೆಯನ್ನು ನೋಡಿ ಗುರುತಿಸಲು ಕಲಿಯಿರಿ. ಬೆರಳುದ್ದದ, ಮಿರುಗುವ ಹಸಿರೆಲೆ, ಅಂಚಿನಲ್ಲಿ ಸಣ್ಣ ಹಲ್ಲುಗಳು, ನಡುನರ ಹಳದಿ, ಎಲೆ ಮತ್ತು ತೊಟ್ಟು ಸೇರುವಲ್ಲಿ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಉಬ್ಬು. ಪಕ್ಕದಲ್ಲೇ ಬೆಳೆಯುವ ಸೀ ಗ್ರೇಪ್ ಎಂಬ ಗಿಡ ನಿರಪಾಯಕಾರಿ. ಅದರ ಎಲೆ ತಟ್ಟೆಯಂತೆ ದುಂಡಗೆ, ದಪ್ಪವಾಗಿರುತ್ತದೆ. ಅನುಮಾನವಿದ್ದರೆ ಮಳೆಯಲ್ಲಿ ನೆನೆಯುವುದೇ ಮೇಲು.

ಸೊನೆ ತಾಗಿದ ಶಂಕೆಯಿದ್ದರೆ ಉರಿ ಶುರುವಾಗಲೆಂದು ಕಾಯದೆ ಸೋಪು ಮತ್ತು ನೀರಿನಿಂದ ಕೂಡಲೇ ತೊಳೆಯಿರಿ, ಬಟ್ಟೆ ಬದಲಿಸಿ. ಕಣ್ಣಿಗೆ ಬಿದ್ದಿದ್ದರೆ ಬಹಳ ಹೊತ್ತು ನೀರು ಹಾಯಿಸಿ ವೈದ್ಯರ ಬಳಿ ಹೋಗಿ. ಹಣ್ಣು ಬಾಯಿಗೆ ಹೋಗಿದ್ದರೆ ನುಂಗಲಾಗುತ್ತಿದೆಯೇ ಎಂದು ಪರೀಕ್ಷಿಸುತ್ತ ಕೂರಬೇಡಿ. ಅಮೆರಿಕದ ವಿಷ ಸಹಾಯವಾಣಿ 1-800-222-1222 ವರ್ಜಿನ್ ದ್ವೀಪಗಳಿಗೂ ಅನ್ವಯಿಸುತ್ತದೆ.

ನಾವು ಬಾಡಿಗೆಗೆ ಪಡೆದಿದ್ದ ಮನೆಯಲ್ಲಿ ಹದಿನಾಲ್ಕು ಪುಟದ ಕೈಪಿಡಿಯೊಂದಿತ್ತು. ವೈಫೈ ಗುಪ್ತಪದ, ಕಸ ಹಾಕುವ ದಿನ, ನೀರನ್ನು ಮಿತವಾಗಿ ಬಳಸುವ ಬಗೆ, ಎಲ್ಲವೂ ಅದರಲ್ಲಿದ್ದವು. ಈ ಮರದ ಬಗ್ಗೆ ಒಂದು ಸಾಲೂ ಇರಲಿಲ್ಲ. ಎಲೆ ಮತ್ತು ಹಣ್ಣಿನ ಚಿತ್ರದೊಂದಿಗೆ ಒಂದು ಪುಟ ಸೇರಿಸಿರೆಂದು ಮಾಲೀಕರಿಗೆ ಎರಡು ಬಾರಿ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.