ಕಾರಿನಲ್ಲಿ ಪೆನ್ ಡ್ರೈವ್: ಎಂಟು ವರ್ಷ ಬಳಸಿದ ಮೇಲೆ

ನಾನು ಕಾರು ತಗೊಂಡಿದ್ದು 2017ರಲ್ಲಿ. ಟಚ್ ಸ್ಕ್ರೀನ್ ಇಲ್ಲದ ಮಾಡೆಲ್. ಕಾರಿನ ಜೊತೆಗೇ ಬಂದ ಸ್ಟೀರಿಯೋ, ಎರಡು ಸಾಲಿನ ಚಿಕ್ಕ ಡಿಸ್‌ಪ್ಲೇ, ಗೇರ್ ಮುಂದೆ ಒಂದು ಯುಎಸ್‌ಬಿ ಪೋರ್ಟ್. ಬ್ಲೂಟೂತ್ ಕೂಡ ಇದೆ. ಆದರೂ ಇವತ್ತಿನವರೆಗೆ ನಾನು ಜಾಸ್ತಿ ಹಾಡು ಕೇಳಿದ್ದು ಪೆನ್ ಡ್ರೈವ್‌ನಲ್ಲೇ. ನಾಲ್ಕು ಪೆನ್ ಡ್ರೈವ್ ಬಂದು ಹೋದವು. ಐದನೆಯದು ಈಗ ಕಾರಿನಲ್ಲಿದೆ.

ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ಗೆಳೆಯರು ಕೇಳುತ್ತಾರೆ. ನನ್ನ ದಾರಿ ಬೆಂಗಳೂರಿನಿಂದ ಪುತ್ತೂರಿಗೆ. ವರ್ಷಕ್ಕೆ ಆರೇಳು ಸಲ ಹೋಗಿ ಬರುತ್ತೇನೆ. ಹಾಸನದವರೆಗೆ ಫೋನ್‌ನಲ್ಲಿ ಹಾಡು ಸರಾಗವಾಗಿ ಬರುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಹಾಡು ಅರ್ಧಕ್ಕೆ ನಿಲ್ಲುತ್ತದೆ. ತಿರುವಿನಲ್ಲಿ ಎದುರಿಗೆ ಟ್ಯಾಂಕರ್ ಬರುತ್ತಿರುವಾಗ ಫೋನ್ ಕಡೆ ಕೈ ಹಾಕುವುದು ಆಗದ ಮಾತು. ಪೆನ್ ಡ್ರೈವ್‌ಗೆ ನೆಟ್‌ವರ್ಕ್ ಬೇಡ, ಚಾರ್ಜ್ ಬೇಡ. ನಡುವೆ ಕರೆ ಬಂದು ಹಾಡು ಕಡಿಯುವುದೂ ಇಲ್ಲ. ಕೀ ತಿರುಗಿಸಿದರೆ ಹಾಡು ಶುರು.

ಆದರೆ ಪೆನ್ ಡ್ರೈವ್‌ನ್ನು ಸರಿಯಾಗಿ ತಯಾರು ಮಾಡಿಕೊಳ್ಳಬೇಕು. ಇದು ನನಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಮೊದಲು ಹಾಕಿದ್ದು ಮನೆಯಲ್ಲಿದ್ದ 64 ಜಿಬಿ ಪೆನ್ ಡ್ರೈವ್. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಹಾಡೂ ಕಾಣುತ್ತಿತ್ತು. ಕಾರಿನಲ್ಲಿ ಏನೂ ಇಲ್ಲ. ಪೋರ್ಟ್ ಹೋಗಿದೆ ಅಂತ ಸರ್ವೀಸ್ ಸೆಂಟರ್‌ಗೆ ಹೋದೆ. ಅಲ್ಲಿನ ಹುಡುಗ ತನ್ನ ಹಳೆಯ 4 ಜಿಬಿ ಪೆನ್ ಡ್ರೈವ್ ಹಾಕಿದ, ಹಾಡು ಬಂತು. ತೊಂದರೆ ಇದ್ದದ್ದು ಫಾರ್ಮ್ಯಾಟ್‌ನಲ್ಲಿ, ಅಂದರೆ ಪೆನ್ ಡ್ರೈವ್ ಒಳಗೆ ಫೈಲುಗಳನ್ನು ಜೋಡಿಸಿಡುವ ರೀತಿಯಲ್ಲಿ. ಎಕ್ಸ್‌ಫ್ಯಾಟ್, ಫ್ಯಾಟ್32 ಅಂಥ ಎರಡು ರೀತಿಗಳು. 64 ಜಿಬಿ ಮತ್ತು ಅದಕ್ಕಿಂತ ದೊಡ್ಡವುಗಳಲ್ಲಿ ಹಲವು ಎಕ್ಸ್‌ಫ್ಯಾಟ್ ಆಗಿ ಬರುತ್ತವೆ. ತುಂಬಾ ಕಾರುಗಳ ಹಳೆಯ ಸ್ಟೀರಿಯೋಗೆ ಓದಲು ಬರುವುದು ಫ್ಯಾಟ್32 ಮಾತ್ರ. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿವರೆಗೆ ಮಾತ್ರ ಫ್ಯಾಟ್32 ಸಿಗುತ್ತಿತ್ತು. ದೊಡ್ಡದನ್ನು ಫ್ಯಾಟ್32 ಮಾಡಲು ರೂಫಸ್‌ನಂಥ ಉಚಿತ ಸಾಫ್ಟ್‌ವೇರ್ ಇದೆ. ಆದರೆ ಹಾಡಿಗೆ ಅಷ್ಟು ದೊಡ್ಡದು ಯಾಕೆ ಬೇಕು? 192 ಕೆಬಿಪಿಎಸ್‌ನ (ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಡೇಟಾ ಅನ್ನುವ ಅಳತೆ) ಐದು ನಿಮಿಷದ ಹಾಡಿಗೆ 7 ಎಂಬಿ ಚಿಲ್ಲರೆ ಸಾಕು. 16 ಜಿಬಿಯಲ್ಲಿ ಎರಡು ಸಾವಿರ ಹಾಡು ಹಿಡಿಯುತ್ತದೆ. ಹಾಡು ಜಾಸ್ತಿ ಆದಷ್ಟೂ ಕೀ ಹಾಕಿದಾಗ ಸ್ಟೀರಿಯೋ ಓದುತ್ತಾ ಕೂರುವ ಹೊತ್ತೂ ಜಾಸ್ತಿ ಆಗುತ್ತದೆ.

ಎರಡನೆಯದು 16 ಜಿಬಿ. ಉದ್ದದ ಪ್ಲಾಸ್ಟಿಕ್ ಬಾಡಿ. ಒಂದು ವರ್ಷ ಚೆನ್ನಾಗಿತ್ತು. ಮುಂದಿನ ಸೀಟಿನಲ್ಲಿ ಕೂತವರ ಮೊಣಕಾಲು ಅದಕ್ಕೆ ತಾಗುತ್ತಿತ್ತು. ಒಂದು ದಿನ ಬುಡದಲ್ಲೇ ಮುರಿಯಿತು. ಪೋರ್ಟ್ ಕೂಡ ಸ್ವಲ್ಪ ಸಡಿಲವಾಯಿತು. ಪೆನ್ ಡ್ರೈವ್ ಕಡಿಮೆ ಬೆಲೆಗೆ ಸಿಗುತ್ತದೆ, ಪೋರ್ಟ್ ಹಾಗಲ್ಲ. ಉದ್ದದ ಪೆನ್ ಡ್ರೈವ್‌ನ್ನು ನೇರವಾಗಿ ಪೋರ್ಟ್‌ಗೆ ಸಿಗಿಸಬೇಡಿ.

ಮೂರನೆಯದನ್ನು ರಸ್ತೆ ಬದಿಯ ಗಾಡಿಯಲ್ಲಿ ತಗೊಂಡೆ. 64 ಜಿಬಿ, ಅರ್ಧ ಬೆಲೆ. ಮನೆಗೆ ಬಂದು ಫ್ಯಾಟ್32 ಮಾಡಿದೆ. ಮೊದಲ ಸಾವಿರ ಹಾಡು ಚೆನ್ನಾಗಿ ಬಂದವು. ಅದರ ನಂತರದ್ದು ಒಂದೂ ಇಲ್ಲ. ಹೆಸರು ಕಾಣುತ್ತದೆ, ಸದ್ದು ಬರುವುದಿಲ್ಲ. ಇಂಥ ನಕಲಿ ಪೆನ್ ಡ್ರೈವ್‌ಗಳ ಒಳಗೆ ಚಿಕ್ಕ ಮೆಮೊರಿಯೇ ಇರುತ್ತದೆ. ಕಂಪ್ಯೂಟರ್‌ಗೆ ಮಾತ್ರ ದೊಡ್ಡದು ಅಂತ ಸುಳ್ಳು ಲೆಕ್ಕ ತೋರಿಸುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಚಿಕ್ಕ ಉಚಿತ ಸಾಫ್ಟ್‌ವೇರ್ ಇದೆ. ಪೆನ್ ಡ್ರೈವ್ ಪೂರ್ತಿ ಬರೆದು, ಮತ್ತೆ ಓದಿ ನೋಡುತ್ತದೆ. ನನ್ನದರಲ್ಲಿ ನಿಜವಾಗಿ ಇದ್ದಿದ್ದು 8 ಜಿಬಿಗೂ ಕಡಿಮೆ. ಈಗ ಯಾವ ಪೆನ್ ಡ್ರೈವ್ ತಂದರೂ ಮೊದಲು ಅದನ್ನೇ ಓಡಿಸುತ್ತೇನೆ.

ನಾಲ್ಕನೆಯದು ಉಗುರಿನಷ್ಟು ಚಿಕ್ಕ ಲೋಹದ ಪೆನ್ ಡ್ರೈವ್. ಪೋರ್ಟ್‌ನಿಂದ ಹೊರಗೆ ಕಾಣುವುದೇ ಇಲ್ಲ, ನೋಡಲು ಚಂದ. ಆದರೆ ಒಂದು ಗಂಟೆ ಹಾಡು ಕೇಳಿ ತೆಗೆದರೆ ಬೆರಳು ಸುಡುತ್ತಿತ್ತು. ಅದರ ಮೇಲೆ ಮೇ ತಿಂಗಳ ಬಿಸಿಲು. ಗಾಜು ಹಾಕಿ ನಿಲ್ಲಿಸಿದ ಕಾರಿನ ಒಳಗೆ ಏನು ಬಿಸಿ ಇರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಎರಡನೇ ಬೇಸಿಗೆಯಲ್ಲಿ ಅದು ಸತ್ತಿತು. ಲ್ಯಾಪ್‌ಟಾಪ್‌ನಲ್ಲೂ ತೆರೆಯಲಿಲ್ಲ. ಹಾಡುಗಳೆಲ್ಲ ಮನೆಯ ಹಾರ್ಡ್ ಡಿಸ್ಕ್‌ನಲ್ಲಿ ಇದ್ದವು, ಉಳಿದವು.

ಈಗ ಇರುವುದು 32 ಜಿಬಿ, ಸಾದಾ ಪ್ಲಾಸ್ಟಿಕ್. ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಪೆನ್ ಡ್ರೈವ್‌ನ್ನು ಗ್ಲೋವ್ ಬಾಕ್ಸ್ ಒಳಗೆ ಇಟ್ಟಿದ್ದೇನೆ. ಬಿಸಿಲು ನೇರವಾಗಿ ಬೀಳುವುದಿಲ್ಲ, ಕಾಲು ತಾಗುವುದಿಲ್ಲ. ನಾಲ್ಕು ವರ್ಷ ಆಯಿತು, ಒಂದು ಸಲವೂ ತೊಂದರೆ ಕೊಟ್ಟಿಲ್ಲ.

ಇನ್ನು ಹಾಡಿನ ಸಾಲು. ಇದಕ್ಕೆ ನಾನು ಪಟ್ಟ ಪಾಡು ಬೇರೆ ಯಾವುದಕ್ಕೂ ಪಟ್ಟಿಲ್ಲ. ಬೆಳಿಗ್ಗೆ ಹೊರಡುವಾಗ ದಾಸರ ಪದ, ಆಮೇಲೆ ಭಾವಗೀತೆ, ಆಮೇಲೆ ಹಳೆಯ ಸಿನಿಮಾ ಹಾಡು ಅಂತ ಜೋಡಿಸಿದ್ದೆ. ಕಾರಿನಲ್ಲಿ ಎಲ್ಲ ಕಲಸಿಹೋಗಿ ಬರುತ್ತಿತ್ತು. ಲ್ಯಾಪ್‌ಟಾಪ್ ನಮಗೆ ಅಕ್ಷರದ ಸಾಲಿನಲ್ಲಿ ತೋರಿಸುತ್ತದೆ. ನನ್ನ ಸ್ಟೀರಿಯೋಗೆ ಆ ಸಾಲು ಬೇಕಿಲ್ಲ. ಪೆನ್ ಡ್ರೈವ್‌ಗೆ ಯಾವ ಹಾಡು ಮೊದಲು ಹೋಯಿತೋ ಅದನ್ನೇ ಮೊದಲು ಹಾಡುತ್ತದೆ. ನಡುವೆ ಒಂದು ಹಾಡು ಅಳಿಸಿ ಹೊಸದು ಹಾಕಿದರೆ, ಖಾಲಿಯಾದ ಆ ಜಾಗಕ್ಕೇ ಹೊಸದು ಹೋಗಿ ಕೂರುತ್ತದೆ. ಹಾಗಾಗಿ ಕೊನೆಗೆ ಅಂತ ಹಾಕಿದ್ದು ಮಧ್ಯದಲ್ಲಿ ಬರುತ್ತದೆ. ಹೆಸರಿನ ಮುಂದೆ 001, 002 ಅಂತ ಹಾಕಿದರೂ ನನ್ನ ಸ್ಟೀರಿಯೋ ಕೇಳಲಿಲ್ಲ. ಡ್ರೈವ್‌ಸಾರ್ಟ್ ಅಂತ ಒಂದು ಸಾಫ್ಟ್‌ವೇರ್ ಸಿಕ್ಕಿತು. ಲಿನಕ್ಸ್‌ನವರಿಗೆ ಫ್ಯಾಟ್‌ಸಾರ್ಟ್ ಇದೆ. ನಂಬರ್ ಹಾಕಿ, ಕಾಪಿ ಮಾಡಿ, ಕೊನೆಗೆ ಅದನ್ನು ಒಂದು ಸಲ ಓಡಿಸಿದರೆ ಹೆಸರಿನ ಸಾಲಿಗೇ ಹಾಡಿನ ಸಾಲು ಬರುತ್ತದೆ. ಅವತ್ತು ದಾಸರ ಪದ ಮುಗಿದು ಸರಿಯಾಗಿ ಮೊದಲ ಭಾವಗೀತೆ ಬಂದಾಗ ನನಗಾದ ಖುಷಿ ಹೇಳತೀರದು.

ಕನ್ನಡದಲ್ಲಿ ಹೆಸರು ಬರೆದರೆ ನನ್ನ ಡಿಸ್‌ಪ್ಲೇಯಲ್ಲಿ ಬರೀ ಚೌಕ ಚೌಕ ಕಾಣುತ್ತದೆ. ಕನ್ನಡದ ಹಾಡಿನ ಹೆಸರನ್ನು ಕರ್ನಾಟಕದ ರಸ್ತೆಯಲ್ಲಿ ಓಡುವ ಕಾರು ಕನ್ನಡದಲ್ಲಿ ತೋರಿಸಬೇಕು ಅಲ್ವಾ? ಇದು ನನಗೆ ನಿಜವಾಗಿ ಬೇಸರದ ಸಂಗತಿ. ಬೇರೆ ದಾರಿ ಇಲ್ಲದೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೇನೆ. ಇನ್ನೊಂದು ವಿಷಯ, ಸ್ಟೀರಿಯೋ ಫೈಲಿನ ಹೆಸರು ಬಿಟ್ಟು ಒಳಗಿನ ಟ್ಯಾಗ್, ಅಂದರೆ ಫೈಲಿನ ಒಳಗೇ ಬರೆದಿರುವ ಹಾಡು, ಗಾಯಕರ ಹೆಸರು ತೋರಿಸುತ್ತದೆ. ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡ ಹಾಡುಗಳ ಟ್ಯಾಗ್‌ನಲ್ಲಿ ಯಾವುದೋ ವೆಬ್‌ಸೈಟ್ ಹೆಸರು ಇರುತ್ತದೆ. ಎಂಪಿ3ಟ್ಯಾಗ್ ಸಾಫ್ಟ್‌ವೇರ್‌ನಲ್ಲಿ ನೂರಾರು ಹಾಡುಗಳ ಟ್ಯಾಗ್ ಒಟ್ಟಿಗೆ ತಿದ್ದಬಹುದು.

ಈಗ ನನಗೆ ತುಂಬಾ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಅಪ್ಪನ ಹತ್ತಿರ ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ಪದ, ಮಾತಿನಲ್ಲೇ ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳಿವೆ. ಊರಿನ ಮಳೆಗಾಲದ ಕೂಟಗಳಲ್ಲಿ ಅವರೇ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿದ್ದು. ಅವನ್ನು ಲ್ಯಾಪ್‌ಟಾಪ್‌ಗೆ ಇಳಿಸಲು ಟೇಪ್ ರೆಕಾರ್ಡರ್‌ನ ಇಯರ್‌ಫೋನ್ ತೂತಿನಿಂದ ಒಂದು ಕೇಬಲ್ ಎಳೆದು, ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿದೆ. 90 ನಿಮಿಷದ ಕ್ಯಾಸೆಟ್‌ಗೆ ಒಂದು ಮಗ್ಗುಲಿಗೆ 45 ನಿಮಿಷ. ಅಷ್ಟೂ ಹೊತ್ತು ಕೂತು ಕೇಳಲೇಬೇಕು, ಬೇಗ ಮುಗಿಸುವ ಉಪಾಯ ಇಲ್ಲ. ಕೇಳುತ್ತಾ ಹೋದ ಹಾಗೆ ತಗಡಿನ ಮಾಡಿನ ಮೇಲೆ ಬೀಳುವ ಮಳೆ ಕೇಳುತ್ತದೆ. ಯಾರೋ ಕೆಮ್ಮುತ್ತಾರೆ. ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಏರುತ್ತಿರುವಾಗಲೇ ಕಟ್ ಅಂತ ಟೇಪ್ ಮುಗಿಯುತ್ತದೆ. ಅವತ್ತು ಅಪ್ಪ ಮಗ್ಗುಲು ತಿರುಗಿಸಿ ಹಾಕುವಷ್ಟರಲ್ಲಿ ನಾಲ್ಕು ಮಾತು ಹೋಗಿರುತ್ತದೆ. ಹೋದ ಆ ಮಾತು ಏನು ಅಂತ ಅಪ್ಪನಿಗೆ ಈಗಲೂ ಬಾಯಿಗೆ ಬರುತ್ತದೆ.

ಎರಡು ಕ್ಯಾಸೆಟ್ ಸೇರಿಸಿ ಮೂರು ಗಂಟೆಯ ಒಂದೇ ಫೈಲ್ ಮಾಡಿ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಘಾಟಿ ದಾರಿಯ ಮಾರನಹಳ್ಳಿ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ವಾಪಸ್ ಬಂದು ಕೀ ತಿರುಗಿಸಿದರೆ ಪದ ಹಾಡುವ ಭಾಗವತರ ಗಣಪತಿ ಸ್ತುತಿ!

"ಇದೆಂತ, ಪುನಃ ಸುರುವಿಂದ ಬಂತಲ್ಲ?" ಅಂದರು ಅಪ್ಪ.

ನನ್ನ ಸ್ಟೀರಿಯೋ ಯಾವ ಫೈಲ್ ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತದೆ. ಫೈಲಿನ ಒಳಗೆ ಎಲ್ಲಿ ನಿಂತಿತ್ತು ಅನ್ನುವುದು ಅದಕ್ಕೆ ನೆನಪಿರುವುದಿಲ್ಲ. ಬಟನ್ ಒತ್ತಿ ಹಿಡಿದು ಎರಡು ಗಂಟೆ ಮುಂದಕ್ಕೆ ಓಡಿಸಲು ಹೋಗಿ, ಘಾಟಿ ಕೆಳಗಿನ ಗುಂಡ್ಯ ಬರುವವರೆಗೂ ಜಾಗ ಸಿಗಲಿಲ್ಲ. ಅಪ್ಪ "ಇರಲಿ ಬಿಡು, ಆಮೇಲೆ ಕೇಳುವ" ಅಂದರು. ಅವತ್ತು ಮತ್ತೆ ಹಾಕಲಿಲ್ಲ.

ಊರಿನಲ್ಲಿ ಕೂತು ಆ ಫೈಲನ್ನು ತುಂಡು ಮಾಡಿದೆ. ಎಂಪಿ3 ಡೈರೆಕ್ಟ್ ಕಟ್ ಅನ್ನುವ ಸಾಫ್ಟ್‌ವೇರ್ ಎಂಪಿ3ಯನ್ನು ಮತ್ತೆ ಕುಗ್ಗಿಸದೆ ಹಾಗೇ ಕತ್ತರಿಸುತ್ತದೆ, ಸದ್ದಿನ ಗುಣ ಕೆಡುವುದಿಲ್ಲ. ಮೊದಲು ಹತ್ತತ್ತು ನಿಮಿಷಕ್ಕೆ ಕತ್ತರಿಸಿದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಸ್ಟೀರಿಯೋ ಒಂದು ಕ್ಷಣ ಸುಮ್ಮನಾಗುತ್ತದೆ. ಹಾಡಿನಲ್ಲಿ ಅದು ಗೊತ್ತಾಗುವುದಿಲ್ಲ, ವಾದದ ನಡುವೆ ಆದರೆ ಕಿವಿಗೆ ಹೊಡೆಯುತ್ತದೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಭಾಗವತರ ಪದ ಮುಗಿಯುವ ಕಡೆಯಲ್ಲಿ ಅವರು "ಇಲ್ಲಿ" ಅಂದರು, ನಾನು ಕತ್ತರಿಸಿದೆ. ಒಂದು ತುಂಡು ಎಂಟು ನಿಮಿಷ, ಇನ್ನೊಂದು ಹದಿಮೂರು. ಈಗ ಎಲ್ಲಿ ನಿಲ್ಲಿಸಿದರೂ ಹೆಚ್ಚೆಂದರೆ ಹತ್ತು ಹದಿಮೂರು ನಿಮಿಷ ಹಿಂದಕ್ಕೆ ಹೋಗುತ್ತದೆ. ಅಷ್ಟನ್ನು ಮತ್ತೆ ಕೇಳಲು ಅಪ್ಪನಿಗೆ ಯಾವ ಬೇಸರವೂ ಇಲ್ಲ.

ಸದ್ದಿನ ಗುಣದ ಬಗ್ಗೆ ಹೇಳುವುದಾದರೆ, ಒಂದೇ ಹಾಡನ್ನು 128, 192, 320 ಕೆಬಿಪಿಎಸ್‌ನಲ್ಲಿ ಹಾಕಿ ಕೇಳಿದ್ದೇನೆ. ಕಾರು ನಿಂತಿದ್ದಾಗ 128ರಲ್ಲಿ ತಾಳದ ಸದ್ದು ಸ್ವಲ್ಪ ಒಡಕು ಅನ್ನಿಸಿತು. 192ಕ್ಕೂ 320ಕ್ಕೂ ವ್ಯತ್ಯಾಸ ನನಗೆ ಸಿಗಲಿಲ್ಲ. ಓಡುವ ಕಾರಿನಲ್ಲಿ ಟೈರಿನ ಸದ್ದೇ ಜಾಸ್ತಿ. ಒಳ್ಳೆ ಸ್ಪೀಕರ್ ಹಾಕಿಸಿದವರು 320 ಇಟ್ಟುಕೊಳ್ಳಿ. ನನ್ನ ಸ್ಟೀರಿಯೋ ಎಂಪಿ3, ಡಬ್ಲ್ಯೂಎಂಎ ಬಿಟ್ಟು ಬೇರೆ ಯಾವುದನ್ನೂ ಓದುವುದಿಲ್ಲ. ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಹಾಗೇ ಹಾಕಿದರೆ ಬರುವುದಿಲ್ಲ, ಎಂಪಿ3 ಮಾಡಿಯೇ ಹಾಕಬೇಕು.

ಮ್ಯಾಕ್ ಬಳಸುವವರಿಗೆ ಒಂದು ಮಾತು. ತಂಗಿ ಒಂದು ಸಲ ಅವಳ ಮ್ಯಾಕ್‌ನಿಂದ ಹಾಡು ಹಾಕಿಕೊಟ್ಟಳು. ಕಾರಿನಲ್ಲಿ ಪ್ರತಿ ಹಾಡಿಗೂ ಎರಡೆರಡು ಹೆಸರು, ಒಂದು ಹಾಡುತ್ತದೆ, ಒಂದು ಹಾಡುವುದಿಲ್ಲ. ಮ್ಯಾಕ್ ಸುಮ್ನೆ ತನ್ನ ಲೆಕ್ಕಕ್ಕೆ ಬರೆದಿಡುವ ಮರೆ ಫೈಲುಗಳು ಅವು, ಹೆಸರು ಚುಕ್ಕಿಯಿಂದ ಶುರುವಾಗುತ್ತದೆ. ಅಳಿಸಿದರೆ ಸರಿ ಹೋಗುತ್ತದೆ.

ಅದೇ ತಂಗಿ ಈ ವರ್ಷ ಹೊಸ ಕಾರು ತಗೊಂಡಳು. ಅದರಲ್ಲಿ ಎಲ್ಲ ಟೈಪ್ ಸಿ ಪೋರ್ಟ್. ಹಿಂದಿನ ಸೀಟಿನವು ಚಾರ್ಜ್‌ಗೆ ಮಾತ್ರ, ಮುಂದಿನ ಒಂದರಲ್ಲಿ ಮಾತ್ರ ಹಾಡು ಬರುತ್ತದೆ. ಟೆಸ್ಟ್ ಡ್ರೈವ್ ದಿನವೇ ನಾನು ಪೆನ್ ಡ್ರೈವ್ ಮತ್ತು ಒಂದು ಚಿಕ್ಕ ಕನ್ವರ್ಟರ್ ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ. ಶೋರೂಮ್‌ನಲ್ಲೇ ತಾಳಮದ್ದಳೆ ಹಾಕಿ, ಗಾಡಿ ಬಂದ್ ಮಾಡಿ, ಮತ್ತೆ ಶುರು ಮಾಡಿ ನೋಡಿದೆವು. ನಿಂತ ಮಾತಿನಿಂದಲೇ ಮುಂದುವರಿಯಿತು. ಕಾರು ಬುಕ್ ಮಾಡುವ ಮೊದಲು ನೀವೂ ಹೀಗೆ ನೋಡಿ, ಐದು ನಿಮಿಷದ ಕೆಲಸ.

ಅಪ್ಪನ ಕಪಾಟಿನಲ್ಲಿ ಇನ್ನೂ ಹನ್ನೊಂದು ಕ್ಯಾಸೆಟ್ ಬಾಕಿ ಇವೆ. ಟೇಪ್ ರೆಕಾರ್ಡರ್‌ನ ಬೆಲ್ಟ್ ಸಡಿಲವಾಗಿ ಭಾಗವತರ ಸ್ವರ ಎಳೆಯುತ್ತಿದೆ. ದಸರಾ ರಜೆಗೆ ಊರಿಗೆ ಹೋದಾಗ ಮೊದಲು ಬೆಲ್ಟ್ ಬದಲಿಸಬೇಕು.