ಫ್ಲಾಟ್ ಎದುರಿನ ಹುಲ್ಲುಹಾಸನ್ನು ನಂಬಿ ಮುಂಗಡ ಕೊಡಬೇಡಿ

ಫ್ಲಾಟ್ ನೋಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಂಜೂರಾದ ನಕ್ಷೆಯ ಪ್ರತಿ ಕೈಗೆ ಬರುವವರೆಗೂ ಮುಂಗಡ ಕೊಡಬೇಡಿ. ಬಣ್ಣದ ಬ್ರೋಷರ್ ಅಲ್ಲ, ಮೊಹರು ಬಿದ್ದಿರುವ ನಕ್ಷೆ.

ನಮ್ಮ ಸಮುಚ್ಚಯದಲ್ಲಿ ಆಗಿದ್ದು ಇಷ್ಟು. ಮೂರು ಬ್ಲಾಕ್, ಅವುಗಳ ಪಕ್ಕಕ್ಕೆ ದೊಡ್ಡ ಹುಲ್ಲುಹಾಸು. ಮಾರುವಾಗ ಎಲ್ಲರನ್ನೂ ಅಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅರ್ಧಕ್ಕಿಂತ ಜಾಸ್ತಿ ಜಾಗ ತೆರೆದಿದೆ ಎಂದು ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಆ ಕಡೆಗೆ ಬಾಲ್ಕನಿ ಇರುವ ಮನೆಗಳಿಗೆ ದರವೂ ಹೆಚ್ಚು. ನಾವೆಲ್ಲ ಬಂದು ನೆಲೆಸಿದ ಮೇಲೆ ಒಂದು ಬೆಳಿಗ್ಗೆ ಹುಲ್ಲುಹಾಸಿನ ಸುತ್ತ ತಗಡಿನ ಬೇಲಿ ಎದ್ದಿತು. ನಾಲ್ಕನೇ ಬ್ಲಾಕ್ ಬರುತ್ತಿದೆ ಅಂದರು. ಸಂಘದವರು ಓಡಾಡಿ ನಕ್ಷೆ ತರಿಸಿದರು. ನೋಡಿದರೆ ಎಲ್ಲವೂ ನಿಯಮದ ಪ್ರಕಾರವೇ ಇತ್ತು! ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಆ ನಕ್ಷೆಯಲ್ಲಿ ಹುಲ್ಲುಹಾಸು ಇದ್ದ ಕಡೆ ಹಸಿರು ಬಣ್ಣವೇ ಇರಲಿಲ್ಲ. ತೆಳ್ಳಗಿನ ಚುಕ್ಕಿ ಗೆರೆಯ ಒಂದು ಚೌಕ, ಒಳಗೆ ‘ಮುಂದಿನ ಹಂತ’ ಎಂಬ ಎರಡೇ ಪದ. ಬಲಗಡೆ ಮೂಲೆಯಲ್ಲಿ ಸಣ್ಣ ಅಕ್ಷರದ ವಿಸ್ತೀರ್ಣದ ಕೋಷ್ಟಕ. ಅದರಲ್ಲಿ ‘ಉಳಿದ ಎಫ್‌ಎಆರ್’ ಎಂಬ ಸಾಲು. ಇಡೀ ಕಥೆ ಆ ಒಂದು ಸಾಲಿನಲ್ಲಿತ್ತು.

ಎಫ್‌ಎಆರ್ ಅಂದರೆ ನಿವೇಶನದ ಅಳತೆಗೆ ಎಷ್ಟು ಪಟ್ಟು ಮಹಡಿ ಜಾಗ ಕಟ್ಟಬಹುದು ಎಂಬ ಮಿತಿ. ಕೆಲವು ಕಡೆ ಎಫ್‌ಎಸ್‌ಐ ಅನ್ನುತ್ತಾರೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ನಿವೇಶನ 10,000 ಚದರ ಮೀಟರ್, ಎಫ್‌ಎಆರ್ 2.5 ಅಂದುಕೊಳ್ಳಿ. ಒಟ್ಟು 25,000 ಚದರ ಮೀಟರ್ ಕಟ್ಟಬಹುದು. ಮೊದಲ ಹಂತದಲ್ಲಿ 18,000 ಮುಗಿಸಿದರೆ ಇನ್ನೂ 7,000 ಬಾಕಿ. ಆ 7,000 ಎಲ್ಲಿ ಕೂರುತ್ತದೆ? ಮುಗಿದ ಕಟ್ಟಡಗಳ ಮೇಲೆ ಮಹಡಿ ಏರಿಸುವುದು ಕಷ್ಟ. ಖಾಲಿ ನೆಲದ ಮೇಲೆಯೇ ಬರುತ್ತದೆ. ಹಾಗಾಗಿ ಎಫ್‌ಎಆರ್ ಬಾಕಿ ಇದ್ದರೆ, ಕಾಣುವ ಖಾಲಿ ಜಾಗ ಹಾಗೇ ಉಳಿಯುತ್ತದೆ ಅಂತ ಯಾರ ಬಾಯಿಮಾತನ್ನೂ ನಂಬಬೇಡಿ.

ಹಾಗಾದರೆ ಅರ್ಧಕ್ಕಿಂತ ಜಾಸ್ತಿ ತೆರೆದ ಜಾಗ ಅಂದದ್ದು ಸುಳ್ಳಾ? ಅದೂ ಸುಳ್ಳಲ್ಲ, ನೋಡಿ. ಅದೇ ನಿವೇಶನವನ್ನು ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ಚೌಕ ಅಂದುಕೊಳ್ಳಿ. ಸುತ್ತಲೂ 6 ಮೀಟರ್ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಕಟ್ಟಡದವರೆಗಿನ ಖಾಲಿ ಅಂತರ, ಬಿಟ್ಟರೆ ಅಷ್ಟರಲ್ಲೇ 2,256 ಚದರ ಮೀಟರ್ ತೆರೆದ ಜಾಗ ಬಂದುಬಿಡುತ್ತದೆ. ಕಾಗದದಲ್ಲಿ ಅದು ಐದರಲ್ಲೊಂದು ಪಾಲಿಗಿಂತ ಹೆಚ್ಚು. ನೆಲದ ಮೇಲೆ ಅದು ಕಾಂಪೌಂಡ್ ಪಕ್ಕದ ಓಣಿ. ಅಗ್ನಿಶಾಮಕ ವಾಹನ ಸುತ್ತಬೇಕು, ಹಾಗಾಗಿ ಬಹುಪಾಲು ಕಾಂಕ್ರೀಟ್. ಅದಕ್ಕೆ ಬೇಸ್‌ಮೆಂಟ್ ರ‍್ಯಾಂಪ್, ಹೊರಗಿನ ಪಾರ್ಕಿಂಗ್, ಟ್ರಾನ್ಸ್‌ಫಾರ್ಮರ್ ಕಟ್ಟೆಯ ಸುತ್ತಿನ ಜಾಗ ಸೇರಿಸಿ. ಎಷ್ಟೋ ಕಡೆ ನಿಯಮ ಕೇಳುವುದು ಆಕಾಶಕ್ಕೆ ತೆರೆದಿದೆಯಾ ಅಂತ ಮಾತ್ರ. ಅಲ್ಲಿ ಮಗು ಆಡಬಹುದಾ, ವಯಸ್ಸಾದವರು ಕೂರಬಹುದಾ ಅಂತ ಕೇಳುವುದಿಲ್ಲ. ಕೆಲವು ನಿಯಮಗಳಲ್ಲಿ ಪೋಡಿಯಂ, ಅಂದರೆ ಕಟ್ಟಡಗಳ ಬುಡದಲ್ಲಿ ಹರಡಿರುವ ತಗ್ಗು ಕಟ್ಟಡದ ಭಾಗದ, ಮೇಲಿನ ತೋಟವೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ನಾಲ್ಕನೇ ಬ್ಲಾಕ್ ಎದ್ದ ಮೇಲೂ ತೆರೆದ ಜಾಗದ ಅಂಕಿ ನಿಯಮಕ್ಕಿಂತ ಮೇಲೆಯೇ ಇದೆ. ಮಕ್ಕಳು ಮಾತ್ರ ಈಗ ರ‍್ಯಾಂಪ್ ಬಾಯಿಯಲ್ಲಿ ಸೈಕಲ್ ಹೊಡೆಯುತ್ತಾರೆ. ಕೆಳಗಿನಿಂದ ಕಾರು ಏರಿ ಬರುವುದು ಅವರಿಗೆ ಕಾಣುವುದೇ ಇಲ್ಲ.

ನ್ಯೂಯಾರ್ಕ್‌ನಲ್ಲಿ ಇದು ದೊಡ್ಡ ಮಟ್ಟದಲ್ಲೇ ಆಗಿತ್ತು. 1961ರ ವಲಯ ನಿಯಮದಲ್ಲಿ, ಕಟ್ಟಡದ ಮುಂದೆ ಸಾರ್ವಜನಿಕ ಪ್ಲಾಜಾ ಬಿಟ್ಟವರಿಗೆ ಹೆಚ್ಚುವರಿ ಮಹಡಿ ಜಾಗ ಕೊಟ್ಟರು. ಪ್ಲಾಜಾಗಳೇನೋ ಬಂದವು, ಆದರೆ ಎಷ್ಟೋ ಕಡೆ ಕೂರಲು ಬೆಂಚೂ ಇಲ್ಲ, ಮರವೂ ಇಲ್ಲ. ಜನ ಅಲ್ಲಿ ನಿಲ್ಲಲೇ ಇಲ್ಲ. 1975ರಲ್ಲಿ ನಿಯಮ ತಿದ್ದಿ ಆಸನ, ಗಿಡಮರ ಇರಲೇಬೇಕು ಅಂದರು. ನಿಯಮದಲ್ಲಿ ಚದರ ಮೀಟರ್ ಅಷ್ಟೇ ಬರೆದಿದ್ದರೆ ಸಿಗುವುದೂ ಚದರ ಮೀಟರ್ ಅಷ್ಟೇ.

ಇನ್ನೊಂದು ವಿಷಯ ಇದೆ, ಇದನ್ನು ಕೇಳುವವರು ಕಡಿಮೆ: ಮನೆಗಳ ಸಂಖ್ಯೆ. ಎಫ್‌ಎಆರ್ ಬದಲಾಗದೆಯೇ ಜನ ಎರಡು ಪಟ್ಟಾಗಬಹುದು. 25,000 ಚದರ ಮೀಟರ್‌ನಲ್ಲಿ ಮನೆಗೆ 125 ಚದರ ಮೀಟರ್ ಲೆಕ್ಕದಲ್ಲಿ 200 ಮನೆ ಬರುತ್ತವೆ. ಅದನ್ನೇ 62.5ಕ್ಕೆ ಇಳಿಸಿದರೆ 400. ಹೊರಗಿನಿಂದ ನೋಡಿದರೆ ಕಟ್ಟಡ ಒಂದೇ ಥರ. ಒಳಗೆ ಲಿಫ್ಟ್, ನೀರಿನ ತೊಟ್ಟಿ, ಪಾರ್ಕಿಂಗ್, ಆಟದ ಜಾಗ ಎಲ್ಲದಕ್ಕೂ ಸಾಲು. ನಮ್ಮ ನಾಲ್ಕನೇ ಬ್ಲಾಕ್‌ನಲ್ಲಿ ಪೂರ್ತಿ ಚಿಕ್ಕ ಮನೆಗಳೇ. ಹಾಗಂತ ಚಿಕ್ಕ ಮನೆಗಳ ಮೇಲೆ ನನಗೆ ಸಿಟ್ಟಿಲ್ಲ. ಕಡಿಮೆ ದುಡ್ಡಿರುವವರಿಗೂ ಮನೆ ಬೇಕು, ನಗರಕ್ಕೆ ಸಾಂದ್ರತೆಯೂ ಬೇಕು. ಆದರೆ ಮನೆ ಜಾಸ್ತಿಯಾದರೆ ತೆರೆದ ಜಾಗವೂ ಜಾಸ್ತಿಯಾಗಬೇಕು ಅಲ್ವಾ? ನಿವೇಶನದ ಶೇಕಡಾವಾರು ಲೆಕ್ಕ ಹಾಕುವ ನಿಯಮದಲ್ಲಿ ಅದು ಆಗುವುದಿಲ್ಲ. ಒಂದು ಮನೆಗೆ ಇಷ್ಟು ಚದರ ಮೀಟರ್ ಅಂತ ಕೇಳುವ ನಿಯಮ ನಿಮ್ಮ ಊರಲ್ಲಿದೆಯಾ ವಿಚಾರಿಸಿ.

ಒಪ್ಪಂದ ಪತ್ರವನ್ನು ಮಾತ್ರ ಸುಮ್ನೆ ಪುಟ ತಿರುಗಿಸಿ ಸಹಿ ಮಾಡಬೇಡಿ. ನಮ್ಮದರಲ್ಲಿ ಎರಡು ಸಾಲು ಇದ್ದವು. ನಕ್ಷೆ ಬದಲಿಸಲು ಕೊಳ್ಳುವವರ ಒಪ್ಪಿಗೆ ಈಗಲೇ ಸಿಕ್ಕಿದೆ ಎಂದು ಒಂದು. ಮುಂದೆ ನಿಯಮ ಬದಲಾಗಿ ಸಿಗುವ ಹೆಚ್ಚುವರಿ ಎಫ್‌ಎಆರ್ ಕೂಡ ಬಿಲ್ಡರ್‌ಗೇ ಸೇರಿದ್ದು ಎಂದು ಇನ್ನೊಂದು. ಎರಡನೆಯದು ಇನ್ನೂ ಅಪಾಯದ್ದು, ಯಾಕೆಂದರೆ ಮಿತಿ ಏರಿದ ದಿನ ಇಲ್ಲದ ಬಾಕಿ ಹುಟ್ಟಿಕೊಳ್ಳುತ್ತದೆ. ಇವನ್ನು ತೆಗೆಸಿ. ತೆಗೆಯಲ್ಲ ಅಂದರೆ ಆ ಮನೆ ಬಿಡಿ, ಬೇರೆ ನೋಡಿ.

ತೆರೆದ ಜಾಗಕ್ಕೆ ಉದ್ದ, ಅಗಲ, ಗಡಿ ಹಾಕಿ, ಎಲ್ಲ ನಿವಾಸಿಗಳ ಸಾಮಾನ್ಯ ಜಾಗ ಎಂದು ಕ್ರಯಪತ್ರದ ಷೆಡ್ಯೂಲಿನಲ್ಲೇ (ಆಸ್ತಿಯ ವಿವರ ಬರೆಯುವ ಭಾಗ) ಬರೆಸಿ. ‘ಸುಂದರ ಉದ್ಯಾನ’ ಎಂಬ ಮಾತಿಗೆ ಗಡಿ ಇರುವುದಿಲ್ಲ. ನಿಮ್ಮ ವಕೀಲರಿಗೆ ನಕ್ಷೆ ಮತ್ತು ಕ್ರಯಪತ್ರ ಎರಡನ್ನೂ ಒಟ್ಟಿಗೆ ಕೊಡಿ, ಒಂದನ್ನೇ ಕೊಟ್ಟರೆ ಈ ವ್ಯತ್ಯಾಸ ಅವರಿಗೂ ಕಾಣುವುದಿಲ್ಲ.