ಸ್ಟ್ಯಾಮ್‌ಫರ್ಡ್‌ನ ಜಾರ್ಜ್: ಊಟಕ್ಕಿಂತ ಮೊದಲು ಬಾಗಿಲು ನೋಡಿ

ಇಂಗ್ಲೆಂಡಿನ ಸ್ಟ್ಯಾಮ್‌ಫರ್ಡ್‌ನಲ್ಲಿರುವ ಜಾರ್ಜ್ ಹೋಟೆಲಿಗೆ ಹೋಗುವುದಾದರೆ ಟೇಬಲ್ ಬುಕ್ ಮಾಡಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ. ಸೀದಾ ಊಟಕ್ಕೆ ಕೂತುಬಿಟ್ಟರೆ ಅರ್ಧ ಖುಷಿ ತಪ್ಪಿಹೋಗುತ್ತದೆ.

ಮುಂಬಾಗಿಲು ದಾಟಿದ ಕೂಡಲೇ ಎರಡೂ ಕಡೆ ಮರದ ಬಾಗಿಲುಗಳಿವೆ. ಒಂದರ ಮೇಲೆ ‘ಲಂಡನ್’, ಇನ್ನೊಂದರ ಮೇಲೆ ‘ಯಾರ್ಕ್’ ಅಂತ ಬರೆದಿದೆ. ಕುದುರೆ ಗಾಡಿಗಳ ಕಾಲದಲ್ಲಿ ದಕ್ಷಿಣಕ್ಕೆ ಲಂಡನ್ ಕಡೆ ಹೋಗುವವರು ಒಂದು ಬಾಗಿಲ ಒಳಗಿನ ಕೋಣೆಯಲ್ಲಿ, ಉತ್ತರಕ್ಕೆ ಯಾರ್ಕ್ ಕಡೆ ಹೋಗುವವರು ಇನ್ನೊಂದು ಕೋಣೆಯಲ್ಲಿ ಕಾಯುತ್ತಿದ್ದರು. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿ ಈ ಹೋಟೆಲಿನ ಮುಂದೆಯೇ ಹಾದುಹೋಗುತ್ತಿತ್ತು. ದಿನಕ್ಕೆ ಆ ಕಡೆಗೆ 20, ಈ ಕಡೆಗೆ 20 ಗಾಡಿ! ಹಿಂದಿನ ಅಂಗಳದಲ್ಲಿ ಕುದುರೆ ಬದಲಾಯಿಸುವಷ್ಟರಲ್ಲಿ ಪ್ರಯಾಣಿಕರು ಗಬಗಬ ತಿಂದು ಮತ್ತೆ ಗಾಡಿ ಹತ್ತಬೇಕಿತ್ತು. ಈಗ ಅದೇ ಅಂಗಳದಲ್ಲಿ ಮೇಜು ಹಾಕಿದ್ದಾರೆ. ಬಿಸಿಲಿದ್ದರೆ ಅಲ್ಲೇ ಕೂತು ಚಹಾ, ಸ್ಕೋನ್ (ಬನ್ನಿನಂಥ ಸಣ್ಣ ತಿಂಡಿ) ತೆಗೆದುಕೊಳ್ಳಿ. ಯಾರೂ ಅವಸರ ಮಾಡುವುದಿಲ್ಲ. ಬೆಲೆ ಕಮ್ಮಿಯೇನಲ್ಲ, ಆದರೆ ನನಗೆ ಕೊಟ್ಟ ದುಡ್ಡಿಗೆ ಮೋಸ ಅನ್ನಿಸಲಿಲ್ಲ.

ಹೊರಗೆ ರಸ್ತೆಯ ಮೇಲೆ ಅಡ್ಡಲಾಗಿ, ಗಲ್ಲುಗಂಬದ ಹಾಗೆ ಒಂದು ದೊಡ್ಡ ತೊಲೆ ಇದೆ. ಅದೇ ಹೋಟೆಲಿನ ಬೋರ್ಡು. ಬರುವವರಿಗೆ ಸ್ವಾಗತ, ದಾರಿಗಳ್ಳರಿಗೆ ಎಚ್ಚರಿಕೆ ಅಂತ ಅದರ ಅರ್ಥ ಹೇಳುತ್ತಾರೆ.

ಮುಖ್ಯ ಕಟ್ಟಡವನ್ನು 1597ರಲ್ಲಿ ಕಟ್ಟಿಸಿದ್ದು ರಾಣಿ ಎಲಿಜಬೆತ್ ಬಳಿ ಖಜಾನೆ ನೋಡಿಕೊಳ್ಳುತ್ತಿದ್ದ ಲಾರ್ಡ್ ಬರ್ಲಿ. ಒಳಗೆ ಡೇನಿಯಲ್ ಲ್ಯಾಂಬರ್ಟ್‌ನ ಚಿತ್ರವನ್ನೂ ನೋಡಿ. 335 ಕಿಲೋ ತೂಗುತ್ತಿದ್ದ ಈತ 1809ರಲ್ಲಿ ಇದೇ ಊರಿನ ಬೇರೊಂದು ಛತ್ರದಲ್ಲಿ ತೀರಿಕೊಂಡ. ಶವಪೆಟ್ಟಿಗೆಗೆ ಚಕ್ರ ಹಾಕಬೇಕಾಯಿತು, ಅದನ್ನು ಹೊರತರಲು ಗೋಡೆಯನ್ನೇ ಒಡೆಯಬೇಕಾಯಿತು. ಪಾಪ, ವಯಸ್ಸು ಬರೀ 39.

ರೈಲು ಬಂದ ಮೇಲೆ ಗಾಡಿಗಳು ನಿಂತವು. ಲಂಡನ್-ಯಾರ್ಕ್ ಮುಖ್ಯ ಹಳಿಯೂ ಈ ಊರು ಬಿಟ್ಟು ಪೀಟರ್‌ಬರೊ ಮೇಲೆ ಹೋಯಿತು. ಆಗ ವ್ಯಾಪಾರಕ್ಕೆ ಹೊಡೆತ ಬಿದ್ದಿರಬೇಕು. ಆದರೆ ಈ ಕಲ್ಲಿನ ಊರು ಇಷ್ಟು ಚೆನ್ನಾಗಿ ಉಳಿದಿರುವುದಕ್ಕೆ ಅದೂ ಒಂದು ಕಾರಣ ಅಲ್ವಾ ಅನ್ನಿಸುತ್ತದೆ. ಎಷ್ಟೋ ಕಡೆ ಇಂಥ ಹಳೇ ಛತ್ರಗಳ ಹೆಸರು ಮಾತ್ರ ಉಳಿದಿದೆ. ಇಲ್ಲಿ ಇವತ್ತಿಗೂ ರೂಮು ಕೊಡುತ್ತಾರೆ, ಊಟ ಹಾಕುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದೇ ಅದು.

ಪೀಟರ್‌ಬರೊದಿಂದ ರೈಲಿನಲ್ಲಿ ಸುಮಾರು ಕಾಲು ಗಂಟೆ, ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಶುಕ್ರವಾರ ಹೋದರೆ ವೆಲೆಂಡ್ ನದಿಯ ಸೇತುವೆ ದಾಟಿ ಸಂತೆಯನ್ನೂ ಸುತ್ತಿ ಬನ್ನಿ.